ಚೀನಾಕ್ಕೆ ಹೋಗಿ ಅಲ್ಲೇ ಉಳಿದ ಸೊಲ್ಲಾಪುರದ ಡಾಕ್ಟರು

1938ರ ಸೆಪ್ಟೆಂಬರ್ 1ರಂದು ಮುಂಬೈ ಬಂದರಿನಿಂದ ‘ರಾಜಪುತಾನಾ’ ಎಂಬ ಹಡಗು ಹೊರಟಿತು. ಅದರಲ್ಲಿ ಐವರು ಭಾರತೀಯ ಡಾಕ್ಟರುಗಳಿದ್ದರು. ಅವರು ಹೊರಟಿದ್ದು ಚೀನಾಕ್ಕೆ. ಜಪಾನಿನ ಸೇನೆ ಆಗ ಅಲ್ಲಿ ಊರಿಂದ ಊರಿಗೆ ನುಗ್ಗುತ್ತಿತ್ತು. ಐವರಲ್ಲಿ ಹಿರಿಯರಾದ ಡಾ. ಚೋಳ್ಕರ್ ನಾಗಪುರದವರು. ಕಿರಿಯರಲ್ಲಿ ಒಬ್ಬರಾದ ಡಾ. ದ್ವಾರಕಾನಾಥ ಕೋಟ್ನಿಸ್ ಸೊಲ್ಲಾಪುರದವರು. ಐವರಲ್ಲಿ ನಾಲ್ವರು ಮರಳಿ ಬಂದರು. ಕೋಟ್ನಿಸ್ ಬರಲಿಲ್ಲ.

ನಾನು ಈಗ ಕೆಲಸ ಮಾಡುತ್ತಿರುವುದು ನಾಗಪುರದ ಮಿಹಾನ್ ಐಟಿ ಪ್ರದೇಶದಲ್ಲಿ. ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ. ನಮ್ಮ ಕಡೆಯವರಿಗೆ ಸೊಲ್ಲಾಪುರ ಬೇರೆ ರಾಜ್ಯದ ಊರು ಎಂದು ಅನ್ನಿಸುವುದೇ ಕಡಿಮೆ. ಮದುವೆಯ ಬಟ್ಟೆ ತರಲು ಹೋಗುವುದು ಅಲ್ಲಿಗೆ. ಮನೆಯಲ್ಲಿ ಯಾರಿಗಾದರೂ ಜಡ್ಡು ಹೆಚ್ಚಾದರೆ ದೊಡ್ಡ ದವಾಖಾನೆ ಎಂದು ಓಡುವುದೂ ಅಲ್ಲಿಗೇ. ಅದು ಸೊನ್ನಲಿಗೆಯ ಸಿದ್ಧರಾಮನ ಊರು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಆದರೂ ಕೋಟ್ನಿಸ್ ಎಂಬ ಹೆಸರು ನಮ್ಮಲ್ಲಿ ಅನೇಕರಿಗೆ ಒಂದು ಹಳೆಯ ಹಿಂದಿ ಸಿನಿಮಾದ ಹೆಸರಾಗಿ ಮಾತ್ರ ಗೊತ್ತು.

ಈ ದಿನಗಳಲ್ಲಿ ಅವರ ಬದುಕನ್ನು ಓದಲು ಒಂದು ಕಾರಣವಿದೆ. ಉಕ್ರೇನ್, ಗಾಜಾ, ಸುಡಾನ್ ಎಂದು ಕೆಲವು ವರ್ಷಗಳಿಂದ ಮೊಬೈಲ್ ತೆರೆದರೆ ಮೊದಲು ಕಾಣುವುದು ಕುಸಿದ ಕಟ್ಟಡ, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಕ್ಕಳು. ನೋಡಿ ನೋಡಿ ಮನಸ್ಸು ಎರಡರಲ್ಲಿ ಒಂದು ದಾರಿ ಹಿಡಿಯುತ್ತದೆ. ಒಂದೋ ಸುದ್ದಿ ನೋಡುವುದನ್ನೇ ಬಿಡುತ್ತೇವೆ, ಇಲ್ಲವೇ ಈ ಜಗತ್ತು ಇಷ್ಟೇ ಎಂದು ಕೈಚೆಲ್ಲುತ್ತೇವೆ. ಶಾಂತಿಯ ಒಂದು ಸುಳಿವೂ ಕಾಣದ ಕಾಲದಲ್ಲಿ ಯುದ್ಧದ ನಟ್ಟನಡುವೆ ನಾಲ್ಕು ವರ್ಷ ಬದುಕಿದ ಮನುಷ್ಯ ಕೋಟ್ನಿಸ್. ಅವರು ಕೈಚೆಲ್ಲದೆ ಇದ್ದುದು ಹೇಗೆ ಎಂಬುದು ನನ್ನ ಕುತೂಹಲ.

ಗಿರಣಿ ಊರಿನ ಹುಡುಗ

ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಮಧ್ಯಮ ವರ್ಗದ, ಮಕ್ಕಳು ಮರಿ ತುಂಬಿದ ಮನೆ. ಸೊಲ್ಲಾಪುರ ಆಗ ಬಟ್ಟೆ ಗಿರಣಿಗಳ ಊರು. ಮರಾಠಿ, ಕನ್ನಡ, ತೆಲುಗು, ಉರ್ದು ಮಾತನಾಡುವವರು ಒಂದೇ ಓಣಿಯಲ್ಲಿ ಬದುಕುತ್ತಿದ್ದ ಊರು.

ಅವರ ಹರೆಯದ ವರ್ಷಗಳು ಆ ಊರಿಗೆ ಬಹಳ ಬಿಸಿಯಾದ ವರ್ಷಗಳು. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿ ಬಂದಾಗ ಸೊಲ್ಲಾಪುರದ ಕಾರ್ಮಿಕರು ಬೀದಿಗಿಳಿದರು. ಗೋಲಿಬಾರ್ ನಡೆಯಿತು. ಕೆಲವು ದಿನ ಬ್ರಿಟಿಷ್ ಆಡಳಿತವೇ ಊರಿನಿಂದ ಕಾಲ್ತೆಗೆಯಿತು. ಆಮೇಲೆ ಸರ್ಕಾರ ಸೇನಾ ಕಾಯ್ದೆ ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರ್ಡಾ ಎಂಬ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಇದು ನಡೆದಾಗ ಕೋಟ್ನಿಸ್‌ಗೆ ಇಪ್ಪತ್ತು ವರ್ಷ. ಅಧಿಕಾರ ಕೋವಿ ಹಿಡಿದು ಬಂದರೆ ಒಂದು ಊರಿನ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಲು ಆ ತಲೆಮಾರಿನ ಸೊಲ್ಲಾಪುರದವರು ಚೀನಾದವರೆಗೆ ಹೋಗಬೇಕಿರಲಿಲ್ಲ.

ವೈದ್ಯಕೀಯ ಓದಲು ಅವರು ಮುಂಬೈಗೆ ಹೋದರು. ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು, ಅದಕ್ಕೆ ಸೇರಿದ ಕೆಇಎಂ ಆಸ್ಪತ್ರೆ. ಪದವಿ ಮುಗಿಸಿ ಮುಂದಿನ ಓದಿಗೆ ಸಿದ್ಧರಾಗುತ್ತಿದ್ದರು. ಮುಂದೆ ಸೊಲ್ಲಾಪುರಕ್ಕೆ ಮರಳಿ ಒಂದು ಬೋರ್ಡು ಹಾಕಿದ್ದರೂ ಸಾಕಿತ್ತು. ಗೌರವ, ಸಂಪಾದನೆ ಎರಡೂ ಇರುತ್ತಿದ್ದವು. ಮನೆಯವರ ನಿರೀಕ್ಷೆಯೂ ಬೇರೆ ಇದ್ದಿರಲಾರದು.

ಒಂದು ಪತ್ರ, ಐವರು ಡಾಕ್ಟರು

1937ರ ಜುಲೈ 7ರಂದು ಬೀಜಿಂಗ್ ಹೊರವಲಯದ ಸೇತುವೆಯೊಂದರ ಬಳಿ ಜಪಾನ್ ಮತ್ತು ಚೀನಾ ಸೈನಿಕರ ನಡುವೆ ಗುಂಡಿನ ಚಕಮಕಿ ನಡೆಯಿತು. ಅದೇ ನೆಪವಾಗಿ ಪೂರ್ಣ ಯುದ್ಧ ಶುರುವಾಯಿತು. ವರ್ಷದ ಕೊನೆಗೆ ಶಾಂಘೈ, ನಾನ್‌ಜಿಂಗ್ ಬಿದ್ದವು. ನಾನ್‌ಜಿಂಗ್‌ನಲ್ಲಿ ನಡೆದ ಸಾಮೂಹಿಕ ಹತ್ಯೆ, ಅತ್ಯಾಚಾರಗಳ ಸುದ್ದಿ ಪತ್ರಿಕೆಗಳ ಮೂಲಕ ಜಗತ್ತಿಗೆ ತಲುಪಿತು. ಜಗತ್ತು ಓದಿತು, ಮರುಗಿತು, ತನ್ನ ಕೆಲಸಕ್ಕೆ ಮರಳಿತು.

ಚೀನಾದ ಎಂಟನೇ ಮಾರ್ಗ ಸೇನೆಯ ದಳಪತಿ ಝು ದೆ 1937ರ ನವೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ವೈದ್ಯರು ಮತ್ತು ಔಷಧಿಗಳ ನೆರವು ಕೇಳಿದರು. ಕೇಳಿದ್ದು ಯಾರನ್ನು ಎಂಬುದನ್ನು ಗಮನಿಸಿ. ಭಾರತವೇ ಆಗ ಇನ್ನೊಬ್ಬರ ಆಳ್ವಿಕೆಯಲ್ಲಿತ್ತು. ಆದರೂ 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸ್ ಜನರಿಗೆ ಮನವಿ ಮಾಡಿದರು. ಜುಲೈ ತಿಂಗಳಲ್ಲಿ ‘ಚೀನಾ ದಿನ’ ಆಚರಿಸಿ ಸುಮಾರು 22 ಸಾವಿರ ರೂಪಾಯಿ ಕೂಡಿಸಲಾಯಿತು. ಒಂದು ಆ್ಯಂಬುಲೆನ್ಸ್, ಔಷಧಿ ಪೆಟ್ಟಿಗೆಗಳು ಮತ್ತು ಐವರು ಡಾಕ್ಟರುಗಳ ತಂಡ ಸಿದ್ಧವಾಯಿತು.

ತಂಡದ ಮುಖ್ಯಸ್ಥರು ಅಲಹಾಬಾದಿನ ಡಾ. ಅಟಲ್. ಅವರು ಅದಾಗಲೇ ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದಿದ್ದವರು. ಕಲ್ಕತ್ತಾದಿಂದ ಡಾ. ಬಿಜಯಕುಮಾರ್ ಬಸು ಮತ್ತು ಡಾ. ದೇಬೇಶ್ ಮುಖರ್ಜಿ. ನಾಗಪುರದಿಂದ ಚೋಳ್ಕರ್. ಐವತ್ತು ದಾಟಿದ್ದ ಅವರು ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿಕೊಂಡವರು. ಮನೆಯಲ್ಲಿ ಆರಾಮಾಗಿ ಇರಬಹುದಾದ ವಯಸ್ಸಿನಲ್ಲಿ ಬಾಂಬು ಬೀಳುವ ದೇಶಕ್ಕೆ ಹೊರಟ ಈ ನಾಗಪುರದ ಡಾಕ್ಟರ ಹೆಸರು ಇಲ್ಲಿನ ನನ್ನ ಸಹೋದ್ಯೋಗಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬುದು ನನಗೆ ಸ್ವಲ್ಪ ಬೇಸರ ತಂದಿತು.

ಐದನೆಯವರು 28ಕ್ಕೆ ಕಾಲಿಡುತ್ತಿದ್ದ ಕೋಟ್ನಿಸ್. ಚೀನಾ ಬಗ್ಗೆ ಅವರಿಗೆ ವಿಶೇಷವಾಗಿ ಏನೂ ಗೊತ್ತಿರಲಿಲ್ಲ. ಭಾಷೆ ಬರುತ್ತಿರಲಿಲ್ಲ. ಮನೆಯವರ ಒಪ್ಪಿಗೆ ಪಡೆದು ಹೆಸರು ಕೊಟ್ಟರು.

ಬೀಳುತ್ತಿದ್ದ ನಗರಗಳ ನಡುವೆ

ಸೆಪ್ಟೆಂಬರ್ ಮಧ್ಯದಲ್ಲಿ ತಂಡ ಆಗಿನ ಕ್ಯಾಂಟನ್, ಈಗಿನ ಗುವಾಂಗ್‌ಝೌ ತಲುಪಿತು. ಸನ್ ಯಾತ್‌ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಸ್ವಾಗತಿಸಿದರು. ಅಲ್ಲಿಂದ ಉತ್ತರಕ್ಕೆ ವುಹಾನ್ ಕಡೆಗೆ ಹೊರಟರು. ಅಕ್ಟೋಬರ್ ಮುಗಿಯುವುದರೊಳಗೆ ಗುವಾಂಗ್‌ಝೌ, ವುಹಾನ್ ಎರಡೂ ಜಪಾನಿನ ವಶವಾದವು. ಬಂದಿಳಿದ ಊರು ಬೆನ್ನ ಹಿಂದೆ ಬಿತ್ತು, ಕೆಲಸ ಶುರು ಮಾಡಿದ ಊರೂ ಬಿತ್ತು. ತಂಡ ಯಾಂಗ್ತ್ಸೆ ನದಿಯ ಮೇಲ್ಭಾಗಕ್ಕೆ, ಸರ್ಕಾರ ಸ್ಥಳಾಂತರಗೊಂಡಿದ್ದ ಚೊಂಗ್‌ಚಿಂಗ್‌ಗೆ ಸರಿಯಿತು.

ಅಲ್ಲಿ ಐವರಿಗೂ ಚೀನೀ ಹೆಸರುಗಳು ಬಂದವು. ಪ್ರತಿ ಹೆಸರಿನ ಕೊನೆಗೆ ‘ಹುವಾ’ ಎಂಬ ಪದ. ಅದರ ಅರ್ಥ ಚೀನಾ. ಕೋಟ್ನಿಸ್ ಅಂದಿನಿಂದ ಕೆ ದಿಹುವಾ ಆದರು. ಇಂದಿಗೂ ಚೀನಾದ ಜನ ಅವರನ್ನು ಗುರುತಿಸುವುದು ಈ ಹೆಸರಿನಿಂದಲೇ.

ಚೊಂಗ್‌ಚಿಂಗ್‌ನಲ್ಲಿ ಇದ್ದಾಗಲೇ ಸೊಲ್ಲಾಪುರದಲ್ಲಿ ತಂದೆ ತೀರಿಹೋದ ಸುದ್ದಿ ಬಂತು. ಮರಳಿ ಹೋಗಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ತಂಡದ ಯಾರೂ ತಡೆಯುತ್ತಿರಲಿಲ್ಲ. ಕೋಟ್ನಿಸ್ ಹೋಗಲಿಲ್ಲ. ಈ ಒಂದು ಸಂಗತಿಯನ್ನು ನಾನು ಸುಲಭವಾಗಿ ದಾಟಿ ಹೋಗಲಾರೆ. ದೂರದ ಊರಿನಲ್ಲಿ ದುಡಿಯುವ ನಮಗೆಲ್ಲ ರಾತ್ರಿ ಹೊತ್ತಿನಲ್ಲಿ ಊರಿಂದ ಬರುವ ಫೋನಿನ ಭಯ ಗೊತ್ತು. ನಾಗಪುರದಿಂದ ಇಂಡಿಗೆ ಒಂದು ರಾತ್ರಿ, ಒಂದು ಬೆಳಗಿನ ದಾರಿ. ಅವರಿಗೆ ವಾರಗಟ್ಟಲೆ ಸಮುದ್ರವಿತ್ತು. ಅವರ ನಿರ್ಧಾರ ಸರಿಯೇ ಎಂದು ಹೇಳುವುದು ಆ ಮನೆಯವರಿಗೆ ಬಿಟ್ಟದ್ದು. ಬೆಲೆ ತೆತ್ತವರು ಅವರೂ ಹೌದು.

1939ರ ಫೆಬ್ರುವರಿಯಲ್ಲಿ ತಂಡ ಯಾನಾನ್ ತಲುಪಿತು. ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಮನೆಗಳ ಊರು ಅದು. ವಾಸ, ಪಾಠ, ಆಸ್ಪತ್ರೆ ಎಲ್ಲ ಗುಹೆಗಳಲ್ಲೇ. ವಿಮಾನದಾಳಿಗೆ ಅದೇ ರಕ್ಷಣೆ. ಆ ವರ್ಷವೇ ಚೋಳ್ಕರ್ ಮತ್ತು ಮುಖರ್ಜಿ ಅನಾರೋಗ್ಯದ ಕಾರಣ ಭಾರತಕ್ಕೆ ಮರಳಿದರು. ಮುಂದಿನ ವರ್ಷ ಅಟಲ್ ಕೂಡ ಕಾಯಿಲೆಯಿಂದ ಹಿಂತಿರುಗಿದರು. ಉಳಿದವರು ಬಸು ಮತ್ತು ಕೋಟ್ನಿಸ್.

ಇತ್ತ ಭಾರತದಲ್ಲಿ ಇದೇ ಕಾಲಕ್ಕೆ ಇನ್ನೊಂದು ಪ್ರಯತ್ನ ನಡೆದಿತ್ತು. 1939ರ ಜುಲೈ 23ರಂದು ಗಾಂಧೀಜಿ ಹಿಟ್ಲರ್‌ಗೆ ಪತ್ರ ಬರೆದು ಯುದ್ಧ ತಡೆಯುವಂತೆ ಕೋರಿದರು. ಬ್ರಿಟಿಷ್ ಸರ್ಕಾರ ಆ ಪತ್ರವನ್ನು ಮುಂದೆ ಹೋಗಲು ಬಿಡಲಿಲ್ಲ. ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. ‘ರಾಜಪುತಾನಾ’ ಮುಂಬೈ ಬಿಟ್ಟು ಅಂದಿಗೆ ಸರಿಯಾಗಿ ಒಂದು ವರ್ಷ. ಏಷ್ಯಾದ ಬೆಂಕಿ ಆರಿಸಲು ಹೋದವರ ಬೆನ್ನಿಗೆ ಯೂರೋಪ್ ಕೂಡ ಹೊತ್ತಿಕೊಂಡಿತು.

ಶಾಂತಿ ಎಂಬ ಹೆಸರಿನ ಆಸ್ಪತ್ರೆ

ಕೋಟ್ನಿಸ್ ಮತ್ತು ಬಸು 1940ರಲ್ಲಿ ಉತ್ತರ ಚೀನಾದ ಬೆಟ್ಟಗಾಡಿಗೆ, ಜಪಾನ್ ಸೇನೆಯ ಬೆನ್ನಿನ ಹಿಂದಿದ್ದ ಪ್ರದೇಶಕ್ಕೆ ಹೋದರು. ಕೆನಡಾದ ಸರ್ಜನ್ ನಾರ್ಮನ್ ಬೆಥೂನ್ ಕೆಲಸ ಮಾಡಿದ್ದು ಅಲ್ಲೇ. ಆಪರೇಷನ್ ಮಾಡುವಾಗ ಬೆರಳಿಗೆ ಆದ ಗಾಯ ನಂಜಾಗಿ ಅವರು 1939ರ ನವೆಂಬರ್ 12ರಂದು ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ನಡೆಯುತ್ತಿದ್ದ ಸಂಸ್ಥೆಯ ಹೆಸರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆ. ಸುತ್ತಲೂ ಯುದ್ಧ ನಡೆಯುವ ಜಾಗದ ಆಸ್ಪತ್ರೆಗೆ ಶಾಂತಿಯ ಹೆಸರು.

ಆಸ್ಪತ್ರೆ ಎಂದರೆ ನಮ್ಮ ಕಣ್ಣಿಗೆ ಕಟ್ಟಡ ಬರುತ್ತದೆ. ಅಲ್ಲಿ ಅಂಥದ್ದು ಇರಲಿಲ್ಲ. ರೈತರ ಮನೆಗಳೇ ವಾರ್ಡುಗಳು. ಜಪಾನ್ ಸೇನೆ ಹಳ್ಳಿಗಳನ್ನು ಜಾಲಾಡಲು ಬಂದಾಗ ಗಾಯಾಳುಗಳನ್ನು ಹೊತ್ತುಕೊಂಡು ಬೆಟ್ಟ ಹತ್ತಬೇಕಿತ್ತು. ಔಷಧಿ, ಅರಿವಳಿಕೆ, ಬ್ಯಾಂಡೇಜು ಎಲ್ಲಕ್ಕೂ ಬರ.

1940ರ ಆಗಸ್ಟ್‌ನಲ್ಲಿ ಎಂಟನೇ ಮಾರ್ಗ ಸೇನೆ ಜಪಾನ್ ವಿರುದ್ಧ ದೊಡ್ಡ ದಾಳಿ ನಡೆಸಿತು. ಗಾಯಾಳುಗಳ ಸಾಲು ಮುಗಿಯುತ್ತಿರಲಿಲ್ಲ. ಆ ಕಾಳಗದ ಅವಧಿಯಲ್ಲಿ ಕೋಟ್ನಿಸ್ 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು, ಒಮ್ಮೆ 72 ಗಂಟೆ ನಿದ್ದೆಯಿಲ್ಲದೆ ಆಪರೇಷನ್ ಮಾಡಿದರು ಎಂದು ಅವರ ಜೀವನ ಬರೆದವರು ದಾಖಲಿಸಿದ್ದಾರೆ. ಆಮೇಲೆ ಬಸು ಯಾನಾನ್‌ಗೆ ಮರಳಿದರು. ಕೋಟ್ನಿಸ್ ಬೆಟ್ಟದಲ್ಲೇ ಉಳಿದರು. 1941ರ ಜನವರಿಯಲ್ಲಿ ಅವರನ್ನು ಆ ಶಾಂತಿ ಆಸ್ಪತ್ರೆಯ ನಿರ್ದೇಶಕರನ್ನಾಗಿ ಮಾಡಲಾಯಿತು. ಆಗ ಅವರಿಗೆ ಮೂವತ್ತು ವರ್ಷ.

ಅಷ್ಟರಲ್ಲಿ ಅವರು ಚೀನೀ ಭಾಷೆ ಕಲಿತಿದ್ದರು. ಮಾತನಾಡುವಷ್ಟು ಕಲಿತು ಸುಮ್ಮನಾಗಲಿಲ್ಲ, ತರಗತಿಯಲ್ಲಿ ಪಾಠ ಮಾಡುವಷ್ಟು ಕಲಿತರು. ಆಸ್ಪತ್ರೆಗೆ ಸೇರಿದ ವೈದ್ಯಕೀಯ ಶಾಲೆಯಲ್ಲಿ ರೈತರ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಹೇಳಿಕೊಟ್ಟರು. ಬೆಥೂನ್ ಸಮಾಧಿಯ ಸಮಾರಂಭದಲ್ಲಿ ಗುವೊ ಚಿಂಗ್‌ಲಾನ್ ಎಂಬ ನರ್ಸ್ ಪರಿಚಯವಾದರು. ಅವರು ಶಾಲೆಯಲ್ಲಿ ಶುಶ್ರೂಷೆಯ ಪಾಠ ಮಾಡುತ್ತಿದ್ದವರು. 1941ರಲ್ಲಿ ಇಬ್ಬರ ಮದುವೆಯಾಯಿತು. 1942ರ ಆಗಸ್ಟ್ 23ರಂದು ಗಂಡುಮಗು ಹುಟ್ಟಿತು. ಸೇನಾ ನಾಯಕ ನಿಯೆ ರೊಂಗ್‌ಝೆನ್ ಮಗುವಿಗೆ ಯಿನ್‌ಹುವಾ ಎಂಬ ಹೆಸರು ಸೂಚಿಸಿದರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಕೋಟ್ನಿಸ್ ಅವರನ್ನು ಬರೀ ಶಾಂತಿದೂತ ಎಂದು ಚಿತ್ರಿಸಿದರೆ ತಪ್ಪಾಗುತ್ತದೆ. ಅವರು ಒಂದು ಪಕ್ಷ ಹಿಡಿದವರು. 1942ರಲ್ಲಿ ಚೀನಾದ ಕಮ್ಯುನಿಸ್ಟ್ ಪಾರ್ಟಿಯನ್ನು ಸೇರಿದರು. ಆಕ್ರಮಣಕ್ಕೆ ಒಳಗಾದವರ ಜೊತೆ ನಿಲ್ಲುವುದು ತಮ್ಮ ಕೆಲಸ ಎಂದು ಅವರು ನಂಬಿದ್ದರು. ಶಾಂತಿ ಬೇಕು ಎನ್ನುವವರು ಯಾರ ಪರವೂ ನಿಲ್ಲಬಾರದು ಎಂಬ ಮಾತು ಇಂದು ಆಗಾಗ ಕೇಳಿಬರುತ್ತದೆ. ಅವರ ಬದುಕು ಆ ಮಾತಿಗೆ ಒಪ್ಪುವುದಿಲ್ಲ.

ಮುಗಿಯದ ಪಠ್ಯಪುಸ್ತಕ

1941, 42ರ ವರ್ಷಗಳು ಆ ಪ್ರದೇಶದ ಅತ್ಯಂತ ಕೆಟ್ಟ ವರ್ಷಗಳು. ಎಲ್ಲವನ್ನೂ ಸುಡು, ಎಲ್ಲರನ್ನೂ ಕೊಲ್ಲು, ಎಲ್ಲವನ್ನೂ ದೋಚು ಎಂಬ ನೀತಿಯಲ್ಲಿ ಜಪಾನ್ ಸೇನೆ ಹಳ್ಳಿಗಳ ಮೇಲೆ ಬಿದ್ದಿತ್ತು. ಊಟಕ್ಕೆ ನವಣೆಯಂಥ ಸಿರಿಧಾನ್ಯವೇ ಗತಿ, ಅದೂ ಸಾಲದು. ಕೋಟ್ನಿಸ್‌ಗೆ ಮೂರ್ಛೆರೋಗದ ಬಾಧೆ ಶುರುವಾಗಿತ್ತು. ಬೇರೆಡೆ ಹೋಗಿ ಚಿಕಿತ್ಸೆ ಪಡೆಯುವಂತೆ ಜೊತೆಯವರು ಒತ್ತಾಯಿಸಿದರೂ ಅವರು ಕೆಲಸ ಬಿಟ್ಟು ಹೋಗಲಿಲ್ಲ.

ಈ ದಿನಗಳಲ್ಲಿ ಅವರು ಮಾಡುತ್ತಿದ್ದ ಒಂದು ಕೆಲಸ ನನ್ನ ಮನಸ್ಸಿನಲ್ಲಿ ಉಳಿದಿದೆ. ಅವರು ಪಠ್ಯಪುಸ್ತಕ ಬರೆಯುತ್ತಿದ್ದರು. ಶಸ್ತ್ರಚಿಕಿತ್ಸೆಯ ಮೂಲ ಪಾಠಗಳ ಒಂದು ಪುಸ್ತಕ ಮುಗಿಸಿ, ಇನ್ನೂ ವಿವರವಾದ ಎರಡನೆಯದನ್ನು ಆರಂಭಿಸಿದ್ದರು.

ಗಾಯಾಳುವಿಗೆ ಹೊಲಿಗೆ ಹಾಕುವುದು ಆ ಕ್ಷಣದ ಕರ್ತವ್ಯ. ಎದುರಿಗೆ ರಕ್ತ ಸುರಿಯುವವನಿದ್ದರೆ ಯಾವ ಡಾಕ್ಟರೂ ಅದನ್ನು ಮಾಡುತ್ತಾರೆ. ಪಠ್ಯಪುಸ್ತಕದ ಮಾತು ಬೇರೆ. ಅದು ಇನ್ನೂ ಬಂದಿಲ್ಲದ ವಿದ್ಯಾರ್ಥಿಗಾಗಿ ಬರೆಯುವಂಥದ್ದು. ಮುಂದಿನ ವರ್ಷವೂ ಶಾಲೆ ಇರುತ್ತದೆ, ಅದರಾಚೆಗೆ ಯಾವನೋ ಹುಡುಗ ದೀಪದ ಮುಂದೆ ಕೂತು ಇದನ್ನು ಓದುತ್ತಾನೆ ಎಂಬ ನಂಬಿಕೆ ಇಲ್ಲದವನು ಅಧ್ಯಾಯ, ವಿಭಾಗ ಎಂದು ಹಾಳೆ ತುಂಬಿಸಲಾರ. ಸುತ್ತ ಹಳ್ಳಿಗಳು ಉರಿಯುತ್ತಿದ್ದಾಗ, ತನ್ನ ದೇಹವೇ ಕೈಕೊಡುತ್ತಿದ್ದಾಗ, ಅವರು ಹಾಗೆ ಕೂತು ಬರೆದರು.

1942ರ ಡಿಸೆಂಬರ್ 9ರಂದು, ಹೆಬೈ ಪ್ರಾಂತ್ಯದ ತಾಂಗ್ ಕೌಂಟಿಯ ಗೆಗೊಂಗ್ ಎಂಬ ಹಳ್ಳಿಯಲ್ಲಿ, ಮೂರ್ಛೆರೋಗದ ತೀವ್ರ ಬಾಧೆಯಿಂದ ಕೋಟ್ನಿಸ್ ತೀರಿಕೊಂಡರು. ವಯಸ್ಸು 32. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಎರಡನೆಯ ಪುಸ್ತಕ ಅರ್ಧಕ್ಕೇ ನಿಂತಿತು.

ಆ ದಿನ ಜಗತ್ತಿನ ಸ್ಥಿತಿ ಹೇಗಿತ್ತು ಎಂದು ನೋಡಿ. ಸ್ಟಾಲಿನ್‌ಗ್ರಾಡ್‌ನಲ್ಲಿ ಕಾಳಗ ಮುಗಿದಿರಲಿಲ್ಲ. ಸಿಂಗಪುರ, ಬರ್ಮಾ ಜಪಾನ್ ಕೈಯಲ್ಲಿದ್ದವು. ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯಲ್ಲಿ, ನೆಹರೂ ಅಹಮದ್‌ನಗರದ ಕೋಟೆಯಲ್ಲಿ ಸೆರೆಯಾಗಿದ್ದರು. ಅದೇ ಆಗಸ್ಟ್‌ನಲ್ಲಿ ನಮ್ಮ ನಾಗಪುರದ ಸುತ್ತಲಿನ ಚಿಮೂರ್, ಆಷ್ಟಿ ಊರುಗಳಲ್ಲಿ ಜನ ದಂಗೆಯೆದ್ದು ರಕ್ತ ಹರಿದಿತ್ತು. ಯುದ್ಧ ಮುಗಿಯಲು ಇನ್ನೂ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕಿತ್ತು. ಕೋಟ್ನಿಸ್ ನೋಡಿದ ಕೊನೆಯ ದಿನದವರೆಗೂ ಶಾಂತಿಯ ಪರವಾಗಿ ಒಂದು ಒಳ್ಳೆಯ ಸುದ್ದಿ ಇರಲಿಲ್ಲ ಎಂದರೂ ನಡೆಯುತ್ತದೆ.

ಸತ್ತ ಮೇಲಿನ ಪ್ರಯಾಣ

ಬಸು 1943ರಲ್ಲಿ ಭಾರತಕ್ಕೆ ಮರಳಿದರು. ಮುಂದೆ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು ಅದನ್ನು ನಮ್ಮ ದೇಶಕ್ಕೆ ಪರಿಚಯಿಸಿದವರು ಅವರೇ. ಖ್ವಾಜಾ ಅಹ್ಮದ್ ಅಬ್ಬಾಸ್ ಈ ತಂಡದ ಕಥೆಯನ್ನು ಪುಸ್ತಕ ಮಾಡಿದರು. ಅದನ್ನು ಆಧರಿಸಿ 1946ರಲ್ಲಿ ವಿ. ಶಾಂತಾರಾಮ್ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ತೆಗೆದು ತಾವೇ ಕೋಟ್ನಿಸ್ ಪಾತ್ರ ಮಾಡಿದರು.

ಇತಿಹಾಸ ಮಾತ್ರ ಸಿನಿಮಾದಂತೆ ಸರಳವಾಗಿ ಸಾಗಲಿಲ್ಲ. ಜಪಾನ್ ದಾಳಿಯಿಂದ ನೊಂದವರಿಗೆ ಈ ತಂಡವನ್ನು ಕಳಿಸಿದ ಸುಭಾಷಚಂದ್ರ ಬೋಸ್, ಕೆಲವೇ ವರ್ಷಗಳಲ್ಲಿ ಭಾರತದ ಬಿಡುಗಡೆಗಾಗಿ ಅದೇ ಜಪಾನಿನ ನೆರವು ಪಡೆದರು. ಯುದ್ಧ ಮನುಷ್ಯರನ್ನು ಎಂತೆಂಥ ಅಡ್ಡದಾರಿಯ ಮುಂದೆ ನಿಲ್ಲಿಸುತ್ತದೆ ಎಂಬುದಕ್ಕೆ ಇದೂ ಒಂದು ಉದಾಹರಣೆ. 1962ರ ಅಕ್ಟೋಬರ್ 20ರಂದು ಭಾರತ, ಚೀನಾ ನಡುವೆಯೇ ಯುದ್ಧ ಶುರುವಾಯಿತು. ತಂದೆಯ ದೇಶ, ತಾಯಿಯ ದೇಶ ಎರಡನ್ನೂ ಹೆಸರಿನಲ್ಲಿ ಹೊತ್ತಿದ್ದ ಯಿನ್‌ಹುವಾಗೆ ಆಗ ಇಪ್ಪತ್ತು ವರ್ಷ. ತಂದೆಯಂತೆ ಡಾಕ್ಟರಾಗಲು ಓದುತ್ತಿದ್ದ ಆ ಹುಡುಗ 1967ರಲ್ಲಿ, ಓದು ಮುಗಿಯುವ ಮೊದಲೇ ತೀರಿಹೋದ.

1962ರ ನಂತರ ಎರಡು ದೇಶಗಳ ನಡುವೆ ರಾಯಭಾರಿಗಳೂ ಇಲ್ಲದ ಸ್ಥಿತಿ 1976ರವರೆಗೆ ಇತ್ತು. ಆದರೆ ಕೋಟ್ನಿಸ್ ಸಮಾಧಿಯನ್ನು ಯಾರೂ ಕೆಡವಲಿಲ್ಲ. ಹೆಬೈ ಪ್ರಾಂತ್ಯದ ರಾಜಧಾನಿ ಶಿಜಿಯಾಜುವಾಂಗ್‌ನ ಹುತಾತ್ಮರ ಸ್ಮಶಾನದಲ್ಲಿ, ಬೆಥೂನ್ ಸಮಾಧಿ ಇರುವಲ್ಲೇ ಅವರದೂ ಇದೆ. ಪೂರ್ವಜರನ್ನು ನೆನೆಯುವ ಏಪ್ರಿಲ್ ಮೊದಲ ವಾರದ ಹಬ್ಬದಲ್ಲಿ ಜನ ಅಲ್ಲಿ ಹೂವಿಡುತ್ತಾರೆ. ಪತ್ನಿ ಗುವೊ ಚಿಂಗ್‌ಲಾನ್ ಹಲವು ಬಾರಿ ಭಾರತಕ್ಕೆ ಬಂದು ಗಂಡನ ಮನೆಯವರ ಸಂಬಂಧ ಉಳಿಸಿಕೊಂಡರು. ಅವರು ತೀರಿಕೊಂಡದ್ದು 2012ರಲ್ಲಿ. ಹು ಜಿಂಟಾವೊ 2006ರಲ್ಲಿ, ಲಿ ಕೆಚಿಯಾಂಗ್ 2013ರಲ್ಲಿ, ಷಿ ಜಿನ್‌ಪಿಂಗ್ 2014ರಲ್ಲಿ ಭಾರತಕ್ಕೆ ಬಂದಾಗ ಕೋಟ್ನಿಸ್ ಕುಟುಂಬದವರನ್ನು ಭೇಟಿಯಾದರು. ಎರಡೂ ದೇಶಗಳು ಅವರ ನೆನಪಿಗೆ ಅಂಚೆಚೀಟಿ ತಂದಿವೆ.

ಇದರಲ್ಲಿ ರಾಜತಂತ್ರದ ಲೆಕ್ಕಾಚಾರವೂ ಇದೆ ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಸರ್ಕಾರಗಳು ಸತ್ತವರ ಹೆಸರನ್ನು ತಮಗೆ ಬೇಕಾದಾಗ ಬಳಸುತ್ತವೆ. ಕೋಟ್ನಿಸ್ ಹೆಸರು ಗಡಿಯ ತಂಟೆಯನ್ನು ಬಗೆಹರಿಸಲಿಲ್ಲ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಆ ದಿನಗಳ ಸಿಟ್ಟು ನಿಮಗೂ ನೆನಪಿರಬಹುದು. ಆದರೆ ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಇನ್ನೊಂದು ಸಣ್ಣ ಸುದ್ದಿಯೂ ಬಂದಿತ್ತು. ಶಿಜಿಯಾಜುವಾಂಗ್‌ನಲ್ಲಿ ಕೋಟ್ನಿಸ್ ಹೆಸರಿನ ವೈದ್ಯಕೀಯ ಶಾಲೆಯ ಎದುರು ಅವರ ಕಂಚಿನ ಪ್ರತಿಮೆ ನಿಲ್ಲಿಸುವ ಸಿದ್ಧತೆ ನಡೆದಿತ್ತು. ಆ ಶಾಲೆಯ ಮಕ್ಕಳು ಸೇರುವಾಗ ಅವರ ಪ್ರತಿಮೆಯ ಮುಂದೆ ಪ್ರತಿಜ್ಞೆ ಸ್ವೀಕರಿಸುತ್ತಾರಂತೆ. ಗಡಿಯಲ್ಲಿ ರಕ್ತ ಹರಿದ ವರ್ಷದಲ್ಲೂ ಆ ಊರಿನವರು ಒಬ್ಬ ಭಾರತೀಯನ ಪ್ರತಿಮೆಯ ಕೆಲಸವನ್ನು ನಿಲ್ಲಿಸಲಿಲ್ಲ.

ಅಂದಾಜು ಮತ್ತು ಆಸೆ

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಎಲ್ಲಕ್ಕೂ ಅಂದಾಜು ಬೇಕು. ಎಷ್ಟು ದಿನ, ಎಷ್ಟು ಜನ, ಎಷ್ಟು ಶೇಕಡಾ ಸಾಧ್ಯತೆ. ಅದೇ ಅಭ್ಯಾಸದಿಂದ ನಾನು ಯುದ್ಧದ ಸುದ್ದಿಯನ್ನೂ ಓದುತ್ತಿದ್ದೆ. ಮಾತುಕತೆ ನಡೆದರೆ ಆಸೆ ಏರುತ್ತಿತ್ತು, ಮಾರನೇ ದಿನ ಕ್ಷಿಪಣಿ ಬಿದ್ದರೆ ಇಳಿಯುತ್ತಿತ್ತು. ಹಾಗೆ ಏರಿಳಿಯುವ ಆಸೆ ಮನುಷ್ಯನನ್ನು ಬೇಗ ದಣಿಸುತ್ತದೆ. ಕೋಟ್ನಿಸ್ ಹೀಗೆ ಲೆಕ್ಕ ಹಾಕಿದ್ದರೆ 1938ರ ಅಕ್ಟೋಬರ್‌ನಲ್ಲೇ ಮುಂಬೈ ಹಡಗು ಹತ್ತಬೇಕಿತ್ತು. ಎಲ್ಲ ಅಂಕಿಗಳೂ ಅವರ ವಿರುದ್ಧವೇ ಇದ್ದವು.

ನಮ್ಮ ಪ್ರಾಜೆಕ್ಟಿನಲ್ಲಿ ಕೀವ್‌ನಿಂದ ಕೆಲಸ ಮಾಡುವ ಒಬ್ಬ ಟೆಸ್ಟರ್ ಇದ್ದಾನೆ. ಮೀಟಿಂಗ್ ನಡುವೆ ಸೈರನ್ ಕೂಗಿದರೆ ಲ್ಯಾಪ್‌ಟಾಪ್ ಎತ್ತಿಕೊಂಡು ನೆಲಮಾಳಿಗೆಗೆ ಇಳಿಯುತ್ತಾನೆ. ಸಿಗ್ನಲ್ ಬಂದ ಮೇಲೆ ನಿಲ್ಲಿಸಿದ ಜಾಗದಿಂದಲೇ ಮಾತು ಮುಂದುವರಿಸುತ್ತಾನೆ. ಯುದ್ಧ ಯಾವಾಗ ಮುಗಿಯಬಹುದು ಎಂದು ಮೊದಮೊದಲು ನಾವು ಕೇಳುತ್ತಿದ್ದೆವು. ಈಗ ಕೇಳುವುದಿಲ್ಲ. ಅವನಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕಳೆದ ಚಳಿಗಾಲದಲ್ಲಿ ಅವನು ಸಂಜೆ ಹೊತ್ತು ಶಾಲಾ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡಲು ಶುರು ಮಾಡಿದ. ಕೋಟ್ನಿಸ್ ಅವರ ಪಠ್ಯಪುಸ್ತಕದ ವಿಷಯ ಓದಿದಾಗ ನನಗೆ ತಟ್ಟನೆ ನೆನಪಾದವನು ಅವನೇ.

ನಾಗಪುರದಲ್ಲಿ ಕೂತು ನಾನು ಯಾವ ಯುದ್ಧವನ್ನೂ ನಿಲ್ಲಿಸಲಾರೆ. ಹಾಗೆಂದು ಮುಂದೆ ಬರುವವರಿಗಾಗಿ ಏನಾದರೂ ಮಾಡಿಡುವುದನ್ನು ನಿಲ್ಲಿಸಬೇಕಾಗಿಲ್ಲ. ಆಸೆ ಇಟ್ಟುಕೊಳ್ಳುವುದು ಎಂದರೆ ನನಗೆ ಈಗ ಇಷ್ಟೇ ಅರ್ಥವಾಗಿದೆ. ಚೋಳ್ಕರ್ ಅವರಂತೆ ಸ್ವಲ್ಪ ದೂರ ಹೋಗಿ ಮರಳಿ ಬಂದವರೂ ಅದರಲ್ಲಿ ಪಾಲುದಾರರು. ಎಲ್ಲರೂ ಕೋಟ್ನಿಸ್ ಆಗಬೇಕಿಲ್ಲ. ‘ಚೀನಾ ದಿನ’ದಂದು ಡಬ್ಬಿಗೆ ಕಾಸು ಹಾಕಿದ ಹೆಸರಿಲ್ಲದ ಜನ ಇಲ್ಲದಿದ್ದರೆ ಆ ಹಡಗಿನಲ್ಲಿ ಔಷಧಿ ಪೆಟ್ಟಿಗೆಯೇ ಇರುತ್ತಿರಲಿಲ್ಲ.

ಸೊಲ್ಲಾಪುರದಲ್ಲಿ ಕೋಟ್ನಿಸ್ ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆಂದು ವಿಜಯಪುರ, ಕಲಬುರಗಿ ಕಡೆಯಿಂದ ನಮ್ಮವರು ಸಾವಿರಾರು ಜನ ಅಲ್ಲಿಗೆ ಹೋಗುತ್ತಾರೆ. ಮುಂದಿನ ಸಲ ಹೋದಾಗ ಮಕ್ಕಳನ್ನು ಕರೆದುಕೊಂಡು ಆ ಮನೆಗೂ ಒಮ್ಮೆ ಹೋಗಿಬನ್ನಿ.